ಹಿತ್ತಿಲ ಕಲ್ಲು ಎರಡಾದದ್ದು

"ಆ ಕಲ್ಲಿನ ಮೇಲಿಟ್ಟ ಗಮನದಲ್ಲಿ ಕಾಲುಭಾಗ ನಮ್ ಹುಡುಗಿ ಮೇಲಿಟ್ಟಿದ್ರೂ ಸಾಕಿತ್ತು ಕಣ್ರೀ," ಅಂದರು ತೀರ್ಥಮ್ಮ ಗಂಡ ಮಲ್ಲಿಕಾರ್ಜುನಪ್ಪನಿಗೆ, ಅಡುಗೆಮನೆ ಕಿಟಕಿಯಿಂದ ಹಿತ್ತಿಲನ್ನೇ ನೋಡುತ್ತಾ.

ಹೆಣ್ಣು ನೋಡಲು ತಾಯಿಯ ಜೊತೆ ಕಡೂರಿನಿಂದ ಅಜ್ಜಂಪುರಕ್ಕೆ ಬಂದಿದ್ದ ಓಂಕಾರಮೂರ್ತಿ ಜಿಯಾಲಜಿಸ್ಟು. ಉಪ್ಪಿಟ್ಟು ತಿಂದು ಕೈ ತೊಳೆಯಲು ಹೋದವನು ಬೆಲ್‌ಬಾಟಮ್ ಮಡಿಸಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಹಿಂದೆ ಒಬ್ಬರು ಹಲ್ಲಿ ಲೊಚಗುಟ್ಟಿತು ಅಂತ, ಇನ್ನೊಬ್ಬರು ಬೆಕ್ಕು ಅಡ್ಡ ಬಂತು ಅಂತ ಈ ಮನೆಯ ಸಂಬಂಧ ಬಿಟ್ಟಿದ್ದರು. ಇದೂ ತಪ್ಪಿದರೆ ಗತಿಯೇನು ಅಂತ ಮಲ್ಲಿಕಾರ್ಜುನಪ್ಪ ಮಗಳು ವಿಶಾಲಾಕ್ಷಿಯ ಕೈಗೆ ಕಾಫಿ ಕೊಟ್ಟು ಹಿತ್ತಿಲಿಗೇ ಕಳಿಸಿದರು.

ಕಾಫಿ ಆರುವವರೆಗೂ ಅವನು ಹೇಳಿದ್ದೇ ಹೇಳಿದ್ದು. ಈ ಕಲ್ಲು ಒಂದು ಕಾಲಕ್ಕೆ ನೀರಿನಡಿಯ ಕೆಸರಂತೆ. ಭೂಮಿಯೊಳಗೆ ಹೂತು, ಭಾರ, ಕಾವು ಎರಡೂ ತಗುಲಿ, ಒತ್ತಡಕ್ಕೆ ಅಡ್ಡಲಾಗಿ ಕಣಗಳೆಲ್ಲ ಮಲಗಿ ಪದರ ಪದರವಾಯಿತಂತೆ. ಸ್ವಲ್ಪ ಬೆಂದರೆ ಮಕ್ಕಳು ಬರೆಯುವ ಸ್ಲೇಟು, ಇನ್ನಷ್ಟು ಬೆಂದರೆ ರೇಷ್ಮೆಯಂತೆ ಹೊಳೆಯುವ ಫಿಲೈಟು, ಕಣ ಕಣ್ಣಿಗೆ ಕಾಣುವಷ್ಟು ಬೆಳೆದರೆ ಈ ಶಿಸ್ಟ್, ಅದನ್ನೂ ಮೀರಿ ಕಪ್ಪು ಬಿಳಿ ಪಟ್ಟೆ ಬೇರೆಬೇರೆಯಾದರೆ ನೈಸ್ ಅನ್ನುವ ಕಲ್ಲು. ಇಷ್ಟು ದಿನ ಬಂದ ಗಂಡುಗಳೆಲ್ಲ ಹಾಡು ಬರುತ್ತಾ ಅಂತ ಕೇಳಿ ಸುಮ್ಮನಾದವರು. ಇವನು ಸುಮ್ಮನಾಗುವ ಲಕ್ಷಣವೇ ಇರಲಿಲ್ಲ. ವಿಶಾಲಾಕ್ಷಿಗೆ ಅದೇ ಹಿಡಿಸಿತು.

"ಇನ್ನೂ ಬೆಂದ್ರೆ?" ಅಂದಳು.

"ಕರಗಿಹೋಗುತ್ತೆ. ಆಮೇಲೆ ಪದರಾನೇ ಇರಲ್ಲ. ತಡೀರಿ, ಒಳಗೆ ಹೆಂಗಿದೆ ತೋರಿಸ್ತೀನಿ."

ಹೆಗಲ ಚೀಲದಿಂದ ಸುತ್ತಿಗೆ ತೆಗೆದು ಅಂಚಿಗೆ ಒಂದು ಏಟು ಕೊಟ್ಟ. ಒಂದು ಚೂರು ಎದ್ದರೆ ಸಾಕಿತ್ತು ಅವನಿಗೆ. ಕಲ್ಲು ಚಿರೋಟಿಯ ಹಾಗೆ ಪದರ ಬಿಟ್ಟು, ಮೇಲಿನ ಚಪ್ಪಡಿ ಜಾರಿ ನೆಲಕ್ಕೆ ಕೂತಿತು.

ತೀರ್ಥಮ್ಮ ಓಡಿ ಬಂದರು, ಬೆನ್ನಿಗೇ ಹುಡುಗನ ತಾಯಿ ಲಿಂಗಮ್ಮ. ಹೆಣ್ಣು ನೋಡೋಕೆ ಹೋಗುವಾಗಲಾದರೂ ಸುತ್ತಿಗೆ ಮನೇಲಿಡು ಅಂತ ಬಡ್ಕೊಂಡಿದ್ದೆ ಅಂತ ಮಗನನ್ನು ಬೈದು, ದನಿ ತಗ್ಗಿಸಿ, "ಶುಭದ ಮಾತಿಗೆ ಬಂದ ದಿನವೇ ಕಲ್ಲು ಎರಡಾಯ್ತಲ್ಲ. ಒಳ್ಳೇದಲ್ಲ ಕಣಮ್ಮಾ," ಅಂದರು. ತೀರ್ಥಮ್ಮನ ಮುಖ ಇಳಿದುಹೋಯಿತು.

ವಿಶಾಲಾಕ್ಷಿ ಬಗ್ಗಿ ಒಡೆದ ಮೈ ಸವರಿದಳು. ಕಾಗೆಬಂಗಾರದ ಪುಡಿ ಬೆರಳಿಗೆ ಅಂಟಿ ಮಿಣಮಿಣ ಅಂದಿತು.

"ಒಳ್ಳೇದೇ ಆಯ್ತು ಬಿಡಿ ಅತ್ತೆ," ಅಂದಳು. "ಒಂದು ಅಮ್ಮಂಗೆ ಇಲ್ಲಿರ್ಲಿ, ಇನ್ನೊಂದು ಕಡೂರಿಗೆ ಬರ್ಲಿ. ಇವ್ರ ಬಟ್ಟೆ ಇವ್ರೇ ಒಗ್ಕೊಳೋಕಾಯ್ತು."

ಜನ್ಮದಲ್ಲಿ ಒಂದು ಕರವಸ್ತ್ರವನ್ನೂ ಹಿಂಡಿರದ ಓಂಕಾರಮೂರ್ತಿ ಕೆಳಗೆ ಬಿದ್ದ ಚಪ್ಪಡಿಯ ಒಂದು ತುದಿ ಎತ್ತಿ ಭಾರ ನೋಡಿದ. ಲಿಂಗಮ್ಮ ಒಂದು ಗಳಿಗೆ ಮಗನನ್ನೇ ದಿಟ್ಟಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಗೆ ಕೈ ಹಾಕಿದರು.