ಕಾರ್ಬೈಡ್ ಡಬ್ಬಿಯ ಮುಂದೆ

"ನೀರು ಹಾಕಬ್ಯಾಡ್ರಿ! ಒಳಗ ಕಾರ್ಬೈಡ್ ಐತಿ!" ಎಂದು ಲಾಲಸಾಬ ಗಂಟಲು ಹರಿಯುವಂತೆ ಕೂಗಿ, ಬಸವಣ್ಣೆಮ್ಮನ ಕೊಡಕ್ಕೆ ಅಡ್ಡ ನಿಂತ. ಕಾಲುವೆ ಕೆಲಸದ ಸಾಮಾನು ಇಟ್ಟಿದ್ದ ಗುಡಿಸಲಿನ ಬಾಗಿಲಲ್ಲಿ ಜೋಳದ ಸೊಪ್ಪೆ ಹೊತ್ತಿ ಉರಿಯುತ್ತಿತ್ತು. ಒಳಗೆ ದೀಪಕ್ಕೆಂದು ತಂದ ಕಾರ್ಬೈಡ್ ಡಬ್ಬಿ ಬಾಯಿ ತೆರೆದು ಕೂತಿತ್ತು. ಅದಕ್ಕೆ ನೀರು ತಗುಲಿದರೆ ಗ್ಯಾಸು ಏಳುತ್ತದೆ, ಗ್ಯಾಸಿಗೆ ಬೆಂಕಿ ತಗುಲಿದರೆ ಓಣಿಯೇ ಉಳಿಯುವುದಿಲ್ಲ. ಇದು ಗುಡಿಸಲಿನ ಕಾವಲಿಗಿದ್ದ ಲಾಲಸಾಬನೊಬ್ಬನಿಗೇ ಗೊತ್ತು. ತುರ್ವಿಹಾಳದ ಊರವರಿಗೆ ಗೊತ್ತಿದ್ದದ್ದು, ಬೆಂಕಿ ಬಿದ್ದರೆ ಮನೆಗೊಂದು ಕೊಡ ನೀರು ಹೊತ್ತು ಓಡಬೇಕು ಎಂಬುದಷ್ಟೇ.

"ಬೆಂಕಿಗೆ ನೀರು ಬ್ಯಾಡಂದ್ರ ತುಪ್ಪ ಸುರೀಲೇನೋ? ಬಾಜೂಕ ನನ್ನ ಮನಿ ಐತಿ, ಸರಿ ಆ ಕಡೆ!"

"ಮಣ್ಣು ಹಾಕ್ರಿ ಯಕ್ಕಾ, ಒಣ ಮಣ್ಣು!"

"ನಿನ್ನ ಬಾಯಿಗೆ ಹಾಕ್ತೀನಿ ಮಣ್ಣು!"

ಹೇಳಿ ಹೇಳಿ ಸಾಕಾದ ಲಾಲಸಾಬ ಅವಳ ಕೊಡ ಕಸಿದು ನೆಲಕ್ಕಿಟ್ಟ. ತನ್ನ ದೀಪಕ್ಕೆಂದು ಜೇಬಿನಲ್ಲಿದ್ದ ಕಾರ್ಬೈಡ್ ಹರಳೊಂದನ್ನು ಅದರೊಳಗೆ ಹಾಕಿ, ಉರಿಯುವ ದಂಟನ್ನು ಕೊಡದ ಬಾಯಿಗೆ ಹಿಡಿದ. ನೀರಿನ ಮೇಲೆ ಭಗ್ಗೆಂದು ಬೆಂಕಿ ಎದ್ದಿತು.

"ಈಗರ ತಿಳೀತೇನ್ರಲೇ?"

ತಿಳಿಯಿತು. ಓಣಿಗೆ ಓಣಿಯೇ ಕೊಡ ಎಸೆದು ಹೊಲದ ಕಡೆ ಓಡಿತು. "ಓಡಬ್ಯಾಡ್ರಲೇ ಹೇಡಿಗಳ್ರಾ, ಮಣ್ಣು ಹಾಕ್ರಿ!" ಎಂದು ಬೈಯುತ್ತ ಅವನೊಬ್ಬನೇ ಬೊಗಸೆಯಲ್ಲಿ ಮಣ್ಣು ತೂರತೊಡಗಿದ. ಅಳುವುದೊಂದು ಬಾಕಿ.

ಆಗ ಪಕ್ಕದಿಂದ ಒಂದು ಉಡಿ ಮಣ್ಣು ಧಪ್ಪೆಂದು ಬೆಂಕಿಯ ಮೇಲೆ ಬಿತ್ತು.

"ಬೈಕೋತ ನಿಲ್ಲಬ್ಯಾಡ," ಎಂದಳು ಬಸವಣ್ಣೆಮ್ಮ, ಮತ್ತೆ ಸೆರಗು ಒಡ್ಡಿ ನೆಲಕ್ಕೆ ಬಗ್ಗುತ್ತ. "ಸಲಿಕಿ ಎಲ್ಲೈತಿ ಹೇಳು."