ಮಾನಮೋಡಿಯ ಮರುವರ್ಷ

"ಕೂಸಿಗೆ ನನ್ನ ಹೆಸರು ಹೇಳಿ ಬೆಳಸು. ನಾ ಅವ್ವ, ನೀ ಚಿಗವ್ವ" ಎಂದು ಅಕ್ಕ ಗೌರಕ್ಕ ಸಾಯುವ ಮುಂಚೆ ಕೇಳಿದಾಗ, ಯಮನವ್ವ ಅವಳ ಸುಡುವ ಕೈ ಹಿಡಿದು ಹೂಂ ಅಂದಿದ್ದಳು. ಊರಿಗೆ ಊರೇ ಮಾನಮೋಡಿ ಜ್ವರದಲ್ಲಿ ಮಲಗಿದ್ದ ವರ್ಷ ಅದು. ಆರು ತಿಂಗಳ ಸತ್ತೆಪ್ಪನನ್ನು ಎತ್ತಿಕೊಂಡು ಮೇಲವಂಕಿಗೆ ಬಂದವಳು, ಅವನು ಎಡವಿ ಬಿದ್ದು "ಅವ್ವಾ" ಎಂದು ಅತ್ತರೂ "ಚಿಗವ್ವ ಅನ್ನಪಾ" ಎಂದು ತಿದ್ದಿದಳು. ಮೀಸೆ ಮೂಡುವವರೆಗೂ ತಿದ್ದಿದಳು.

ಈಗ ಆ ಸತ್ತೆಪ್ಪ ಗೋಕಾಕದ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದ. ಕಾಲುವೆ ನೀರಿನ ಜಗಳದಲ್ಲಿ ಅವನ ಸಲಿಕೆಯ ಏಟಿಗೆ ಬಾಜೂ ಹೊಲದ ಸೋಮಪ್ಪ ಸತ್ತುಹೋಗಿದ್ದ.

ಬೆಳಿಗ್ಗೆಯೇ ಬೇವಿನ ಮರದ ಕೆಳಗೆ ವಕೀಲ ಅಣ್ಣಾಸಾಹೇಬರು ಹೇಳಿದ್ದರು: "ಖೂನಿ ಕೇಸಿಗೆ ಜಾಮೀನು ಕೊಡೂದಿಲ್ಲವ್ವ. ಹೆಣ್ಣಮಗಳಾಗಿರಬೇಕು, ರೋಗಿಷ್ಟ ಆಗಿರಬೇಕು, ಇಲ್ಲಾ ಹದಿನಾರರ ಒಳಗಿರಬೇಕು."

"ಕೋಣ ಇದ್ದಾಂಗ ಅದಾನ್ರಿ. ಇವಗ ರೋಗ ಎಲ್ಲಿಂದ ತರಲಿ?"

"ವಯಸ್ಸು?"

"ಮಾನಮೋಡಿ ವರ್ಷದ ಯುಗಾದಿಗೆ ಹುಟ್ಟ್ಯಾನ್ರಿ."

"ಹದಿನಾರು ದಾಟಿ ಎಂಟು ತಿಂಗಳಾತು." ವಕೀಲರು ಕಣ್ಣು ತಿಕ್ಕಿಕೊಂಡರು. "ಚಾವಡಿಯ ಹುಟ್ಟಿನ ದಾಖಲೆ ಗೆದ್ದಲು ತಿಂದೈತಿ. ಆದರ ಗೌರಕ್ಕನ ಮಗ ಅಂದರ, ಆಕಿ ಸಾಯೂಕಿಂತ ಮೊದಲ ಹುಟ್ಟಿರಬೇಕಲ್ಲ? ಆಕಿ ಸತ್ತ ಹದಿನಾರು ವರ್ಷ ದಾಟೇತಿ. ನೀ ಠಾಣೆಗೆ ಬುತ್ತಿ ಒಯ್ದಿ ಅಂತ ಪೊಲೀಸರು ನಿನ್ನನ್ನ ತಾಯಿ ಅಂತ ಬರಕೊಂಡಾರ. ಹಡದಾಕಿ ಯಾವ ವರ್ಷ ಅಂತಾಳೋ ಅದ ವರ್ಷ. ಇದಕ್ಕಿಂತ ಜಾಸ್ತಿ ನಾ ಹೇಳಾಂಗಿಲ್ಲ."

ಯಮನವ್ವ ಕೋರ್ಟಿನ ಬಾಗಿಲ ಕಡೆ ನಡೆದಳು. ಹತ್ತು ದಿನದಿಂದ ಮೇಲವಂಕಿಗೂ ಗೋಕಾಕಕ್ಕೂ ನಡೆದು ಅವಳ ಹಿಮ್ಮಡಿ ಒಡೆದಿದ್ದವು.

ಒಳಗೆ ಅವಳಿಂದ ಪ್ರಮಾಣ ಮಾಡಿಸಿದರು. ಮ್ಯಾಜಿಸ್ಟ್ರೇಟ್ ಸಾಹೇಬರು ತಲೆ ಎತ್ತದೆ ಕೇಳಿದರು: "ಇವ ನಿನ್ನ ಮಗನೇನು?"

"ಹೌದ್ರಿ. ನಾನ ಹಡದೇನ್ರಿ."

"ಯಾವಾಗ?"

"ಮಾನಮೋಡಿ ಬಂದು ಹೋದ ಮರುವರ್ಷ."

ಸರಕಾರಿ ವಕೀಲರು ನಕ್ಕರು. "ಹದಿನೈದರ ಹುಡುಗಗ ಇಂಥಾ ಮೀಸಿ ಏನಬೇ?"

"ನಮ್ಮ ಮನಿತನದಾಗ ಮೀಸಿ ಲಗೂ ಬರತಾವ್ರಿ."

ಬಾಗಿಲಲ್ಲಿ ನಿಂತ ಪೊಲೀಸನೂ ನಕ್ಕ. ಸಾಹೇಬರು ನಗಲಿಲ್ಲ, ಸತ್ತೆಪ್ಪನ ಕಡೆ ತಿರುಗಿದರು. "ಈಕಿ ನಿನಗ ಏನಾಗಬೇಕು?"

ಸತ್ತೆಪ್ಪ ಯಮನವ್ವನ ಮುಖ ನೋಡಿದ.

"ಅವ್ವ."

ಯಮನವ್ವ ತಿದ್ದಲಿಲ್ಲ.

ಸಾಹೇಬರು ಬರೆಯುವುದನ್ನು ಮುಗಿಸಿ, ಅವಳಿಗೂ ತಿಳಿಯಲೆಂದು ನಿಧಾನವಾಗಿ ಹೇಳಿದರು: "ಹದಿನೈದು ಅನ್ನೂದನ್ನ ಒಪ್ಪಿಕೊಂಡೇನವ್ವ. ಆದರ ಇಂಥವರನ್ನ ಬಿಡಬಹುದು ಅಂತೈತಿ ಕಾಯ್ದೆ, ಬಿಡಲೇಬೇಕು ಅನ್ನೂದಿಲ್ಲ. ಹೊಡೆದದ್ದನ್ನ ನೋಡಿದ ಮೂರು ಮಂದಿನೂ ಇವನ ಓಣಿಯವರು. ಇವ ಊರಾಗಿದ್ದರ ಅವರು ಯಾರೂ ಬಾಯಿ ತಗಿಯೂದಿಲ್ಲ. ಅರ್ಜಿ ವಜಾ."

ಗುಮಾಸ್ತ ಮುಂದಿನ ಕೇಸಿನ ಹೆಸರು ಕೂಗಿದ. ಪೊಲೀಸ ಸತ್ತೆಪ್ಪನ ರಟ್ಟೆ ಹಿಡಿದು ಇಳಿಸಿದ.

ಯಮನವ್ವ ಅಕ್ಕನಿಗೆ ಕೊಟ್ಟ ಮಾತು ಮುರಿದಿದ್ದಳು. ಜಾಮೀನು ಸಿಗಲಿಲ್ಲ.