"ನೋವು ಕಡಿಮೆಯಾಗಿದೆ" ಎಂದಳು ನೀಲವ್ವ

ಇದನ್ನು ಕೇಳಿದ ದಿನ ನನಗೆ ಊಟವೇ ಸೇರಲಿಲ್ಲ... ಪೂರ್ತಿ ಓದಿ, ಆಮೇಲೆ ಮನೆಯವರಿಗೂ ಓದಿ ಹೇಳಿ.

ಗದಗಿನ ಒಂದು ಓಣಿಯಲ್ಲಿ ಅಂದಾನೆಪ್ಪನವರ ಮೆಡಿಕಲ್ ಶಾಪ್ ಇತ್ತು. ಇಪ್ಪತ್ತೆಂಟು ವರ್ಷದ ಅಂಗಡಿ.

ಓಣಿಯ ಜನ ಅವರನ್ನು 'ಡಾಕ್ಟ್ರ' ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಬೇಡಿ ಎಂದು ಅವರೂ ಎಂದೂ ಹೇಳಿದವರಲ್ಲ...

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ನೀಲವ್ವನಿಗೆ ಐವತ್ನಾಲ್ಕು ವರ್ಷ. ಶುಗರ್ ಇತ್ತು.

ಒಂದು ಭಾನುವಾರ ನೆಂಟರ ಮನೆಯಲ್ಲಿ ಸೀಮಂತದ ಊಟ ಮಾಡಿ ಬಂದರು. ಗಂಟೆಯೊಳಗೆ ನೀಲವ್ವನಿಗೆ ಬಲಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಬೆನ್ನಿಗೆ ಹಾಯಿತು, ಬಲ ಹೆಗಲಿಗೆ ಏರಿತು... ಎರಡು ಸಲ ವಾಂತಿ.

"ರೀ, ಯಾಕೋ ಭಾಳ ತ್ರಾಸ ಆಗಾಕತ್ತೈತಿ..."

"ಹೋಳಿಗಿ ಮ್ಯಾಲೆ ಅಷ್ಟು ತುಪ್ಪ ಸುರಕೊಂಡ್ರ ಇನ್ನೇನಾಗತೈತಿ? ಗ್ಯಾಸ್ ಅದು. ಈ ಗುಳಿಗಿ ತಗೊಂಡು ಮಕ್ಕೋ."

ಸೋಮವಾರ ನೋವಿನ ಜೊತೆ ಚಳಿಜ್ವರವೂ ಬಂತು.

ಅದೇ ಹೊತ್ತಿಗೆ ಎಸ್ತೇರ್ ಸಿಸ್ಟರ್ ಬಿಪಿ ಗುಳಿಗೆಗೆಂದು ಅಂಗಡಿಗೆ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಒಳಬಾಗಿಲ ಚೌಕಟ್ಟು ಹಿಡಿದು ಬಾಗಿ ನಿಂತಿದ್ದ ನೀಲವ್ವನನ್ನು ಕಂಡು ನೇರ ಒಳಗೇ ಹೋದರು.

ಮಂಚದ ಮೇಲೆ ಮಲಗಿಸಿ, ಬಲಪಕ್ಕೆಲುಬಿನ ಕೆಳಗೆ ಮೆಲ್ಲಗೆ ಬೆರಳೊತ್ತಿ ಹೇಳಿದರು, "ಈಗ ಜೋರಾಗಿ ಉಸಿರು ತಗೋ ತಂಗಿ."

ಅರ್ಧ ಉಸಿರು... "ಅಯ್ಯವ್ವಾ!" ನೋವಿಗೆ ಉಸಿರು ಅಲ್ಲಿಗೇ ಸಿಕ್ಕಿಕೊಂಡಿತು.

ಸಿಸ್ಟರ್ ಎದ್ದು ನೇರ ಅಂಗಡಿಗೆ ಬಂದರು.

"ಅಂದಾನೆಪ್ಪನವರ, ಇದು ಗ್ಯಾಸ್ ಅಲ್ರಿ. ಪಿತ್ತಕೋಶಕ್ಕ ಬಾವು ಬಂದಂಗ ಕಾಣತೈತಿ. ಈಗಿಂದೀಗ ಆಸ್ಪತ್ರಿಗೆ ಕರಕೊಂಡು ಹೋಗ್ರಿ, ಸ್ಕ್ಯಾನ್ ಮಾಡಸ್ರಿ. ಶುಗರ್ ಇದ್ದವರಿಗೆ ತಡ ಮಾಡಬಾರದು."

ಅಂಗಡಿ ಮುಂದೆ ನಾಲ್ಕಾರು ಗಿರಾಕಿಗಳು ನಿಂತಿದ್ದರು. ಅಂದಾನೆಪ್ಪನವರಿಗೆ ಅವಮಾನವಾದಂತಾಯಿತು.

"ಇಪ್ಪತ್ತೆಂಟು ವರ್ಷದಿಂದ ನಾ ಇಲ್ಲಿ ಸುಮ್ನ ಕುಂತಿಲ್ರಿ ಸಿಸ್ಟರ್! ನಾಳೆ ಸಂಜಿ ಅನ್ನೋದ್ರಾಗ ಆರಾಮ ಆಗ್ತಾಳ, ನೋಡ್ರಿ ಬೇಕಾದ್ರ."

ಇನ್ನಷ್ಟು ಪವರ್‌ಫುಲ್ ನೋವಿನ ಗುಳಿಗೆ ಕೊಟ್ಟರು.

ಮಂಗಳವಾರ ಸಂಜೆ ಗಿರಾಕಿಗಳ ನಡುವಿನಿಂದಲೇ ಕೂಗಿ ಕೇಳಿದರು, "ನೀಲಾ, ಹ್ಯಾಂಗೈತಿ?"

ಒಳಗಿನಿಂದ ಸಣ್ಣ ದನಿ ಬಂತು... "ಕಡಿಮಿ ಆಗೇತ್ರಿ."

"ಕೇಳಿದ್ರಲ್ಲ?" ಎಂದು ಎಲ್ಲರ ಕಡೆ ತಿರುಗಿ ನಕ್ಕರು.

ಬುಧವಾರ ಬೆಳಗ್ಗೆ ಎಷ್ಟು ಕೂಗಿದರೂ ನೀಲವ್ವ ಏಳಲಿಲ್ಲ.

ಮೈ ಕೆಂಡದಂತೆ ಸುಡುತ್ತಿತ್ತು. ತುಟಿ ಒಣಗಿತ್ತು. ಗಂಡನ ಮುಖ ನೋಡಿ "ಅವ್ವಾ... ನೀರು..." ಎಂದಳು. ಅವರ ಗುರುತೇ ಸಿಗಲಿಲ್ಲ ಅವಳಿಗೆ!

ಊರಿಗೆಲ್ಲ ಬಿಪಿ ನೋಡುತ್ತಿದ್ದ ಕೈಗೆ ಹೆಂಡತಿಯ ನಾಡಿಯೇ ಸಿಗಲಿಲ್ಲ. ಯಾರಿಗೆ ಫೋನ್ ಮಾಡುವುದು? ನೆನಪಾದದ್ದು ಒಂದೇ ಹೆಸರು...

ಎಸ್ತೇರ್ ಸಿಸ್ಟರ್ ಫೋನಿನಲ್ಲಿ ಹಳೆಯ ಮಾತೇ ಎತ್ತಲಿಲ್ಲ. "ಬಾಯಿಗೆ ಏನೂ ಹಾಕಬ್ಯಾಡ್ರಿ. ಆ್ಯಂಬುಲೆನ್ಸ್ ಕರಕೊಂಡು ಬಂದೆ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡ್ರಿಪ್, ಆ್ಯಂಟಿಬಯಾಟಿಕ್ ಶುರುವಾದವು. ಸರ್ಜನ್ ಮೇಡಂ ಹೊರಗೆ ಬಂದರು.

"ಪಿತ್ತಕೋಶದ ಬಾಯಿಗೆ ಕಲ್ಲು ಸಿಕ್ಕೊಂಡೈತ್ರಿ. ಬಾವು ಬಂದು, ಕೊಳತು, ತೂತು ಬಿದ್ದೈತಿ. ಸುತ್ತಲೂ ಕೀವು. ಮೊದಲನೇ ದಿನ ಬಂದಿದ್ರ ಮೂರ್ನಾಲ್ಕು ಸಣ್ಣ ರಂಧ್ರದಾಗ ಆಪರೇಷನ್ ಮುಗೀತಿತ್ತು. ಈಗ ಹೊಟ್ಟಿ ತೆರೀಬೇಕು... ಗ್ಯಾರಂಟಿ ಕೊಡಾಕ ಆಗಂಗಿಲ್ಲ."

ಅಂದಾನೆಪ್ಪನವರ ಮುಂದೆ ಒಪ್ಪಿಗೆ ಪತ್ರ ಬಂತು. ಎಲ್ಲಿ ಸಹಿ ಹಾಕಿದರೋ ಅವರಿಗೇ ಗೊತ್ತಿಲ್ಲ.

ಮೂರು ತಾಸಿನ ಆಪರೇಷನ್... ನೀಲವ್ವ ಉಳಿದಳು.

ನಾಲ್ಕನೆಯ ದಿನ ರೌಂಡ್ಸ್‌ಗೆ ಬಂದ ಸರ್ಜನ್ ಮೇಡಂ ಕೇಳಿದರು, "ನೀಲವ್ವಾರ, ಮಂಗಳವಾರ ನೋವು ಕಡಿಮಿ ಆಗಿತ್ತಂತ ನಿಮ್ಮ ಯಜಮಾನ್ರು ಬರಸ್ಯಾರ. ಹೌದೇನ್ರಿ?"

ನೀಲವ್ವ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ...

"ಇಲ್ರಿ. ಕಡಿಮಿ ಆಗಿದ್ದಿಲ್ಲ. ಭಾಳ ಹೆಚ್ಚಾಗಿತ್ತು."

"ಮತ್ತ ಯಾಕ ಹಂಗ ಹೇಳಿದ್ರಿ?!"

"ಅಂಗಡಿ ತುಂಬ ಮಂದಿ ಇದ್ರು... ಎಲ್ಲಾರ ಮುಂದ ಅವರ ಮಾತು ಸುಳ್ಳಾದ್ರ, ಅವರಿಗೆ ಹ್ಯಾಂಗ ಅನಸ್ತಿತ್ತು?"

ಸರ್ಜನ್ ಮೇಡಂ ಕೇಸ್ ಶೀಟ್‌ನಲ್ಲಿದ್ದ ಆ ಸಾಲನ್ನು ಹೊಡೆದು ಹಾಕಿದರು.

ಅಂದಾನೆಪ್ಪನವರು ಹೇಗೋ ಹೊರಬಂದು ವಾರ್ಡಿನ ಹೊರಗೆ ನೆಲದ ಮೇಲೆ ಕುಸಿದರು. ಗಂಜಿ ತಂದಿದ್ದ ಎಸ್ತೇರ್ ಸಿಸ್ಟರ್ ಓಡಿ ಬಂದರು.

"ನನ್ನ ಮರ್ಯಾದಿ ಉಳಸಾಕ ಆಕಿ ಜೀವಾನ ಬಿಡಾಕ ಹೊಂಟಿದ್ಲು ಸಿಸ್ಟರ್..." ಎಂದು ಗಳಗಳನೆ ಅತ್ತರು.

ಸಿಸ್ಟರ್ ಸಮಾಧಾನದ ಮಾತು ಹೇಳಲಿಲ್ಲ. "ಇಲ್ಲಿ ಅತ್ರ ಏನು ಬಂತು? ಒಳಗ ಹೋಗಿ ಆಕೀನ್ನ ಕೇಳ್ರಿ. ಕೇಳಿ... ಆಕಿ ಹೇಳೋತನಕ ಸುಮ್ನ ಕುಂದರ್ರಿ."

ಅವರು ಒಳಗೆ ಹೋದರು. ಸ್ಟೂಲ್ ಎಳೆದು ಕುಳಿತರು.

"ನೀಲಾ, ಈಗ ನೋವು ಐತೇನು?"

"ಇಲ್ರಿ, ಆರಾಮ ಅದೀನಿ."

ಅಂದಾನೆಪ್ಪನವರು ಏಳಲಿಲ್ಲ. ಅವಳ ಕೈ ಹಿಡಿದುಕೊಂಡು ಹಾಗೇ ಕುಳಿತರು.

ಬಹಳ ಹೊತ್ತಾದ ಮೇಲೆ ನೀಲವ್ವನ ಕಣ್ಣಂಚಿನಿಂದ ನೀರು ಇಳಿಯಿತು.

"ಐತ್ರಿ... ಭಾಳ ನೋವೈತಿ."

ಮದುವೆಯಾಗಿ ಮೂವತ್ತೊಂದು ವರ್ಷ. ಅವಳು ಇಷ್ಟು ಬಿಚ್ಚಿ ಹೇಳಿದ್ದು ಅದೇ ಮೊದಲು.

ಅವರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ನರ್ಸ್‌ಗಳ ಕೋಣೆಯ ಕಡೆ ಓಡಿದರು. ಇಡೀ ವಾರ್ಡೇ ತಿರುಗಿ ನೋಡುವಂತೆ ಕೂಗಿದರು...

"ಯಾರರೆ ಬರ್ರಿ! ನನ್ನ ಹೆಂಡತಿಗೆ ನೋವಾಗಾಕತ್ತೈತಿ!"

*

ನಮ್ಮ ಮುಂದೆ "ನೋವಿದೆ" ಎಂದು ಹೇಳಲು ನಮ್ಮವರೇ ಹೆದರಿದರೆ, ನಮಗೆ ತಿಳಿದದ್ದೆಲ್ಲ ಇದ್ದೂ ಇಲ್ಲದಂತೆ.

ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಇವತ್ತು "ಆರಾಮ ಇದ್ದೀನಿ" ಎಂದಿರಬಹುದು... ನೀವು ಅವರ ಪಕ್ಕ ಕುಳಿತು ಇನ್ನೊಮ್ಮೆ ಕೇಳಿದಿರಾ?